ಬಿಸಿಲಮ್ಮನ ಮೋರೆ ತೊಳೆದ ಮಾರಕ್ಕನ ಕಥೆ

ದೀಪದ ಬತ್ತಿಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿ, ತಾಯಂದಿರೇ. ಗೋಡೆಗೆ ಒರಗಿ ಕೂತವರು ಮುಂದೆ ಬನ್ನಿ. ಬಿಸಿಲಮ್ಮನ ವ್ರತಕ್ಕೆ ಕೂತವರು ತಮ್ಮ ಮನೆಯವರ ಮಗ್ಗುಲಲ್ಲಿ ಕೂರಬಾರದು, ಎದುರುಮನೆಯವರ ಮಗ್ಗುಲಲ್ಲಿ ಕೂರಬೇಕು. ಹಾಗೆ ಕೂತಿದ್ದೀರೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ. ಎಡಗೈಯಲ್ಲಿ ನಾಲ್ಕು ಕಾಳು ಅಕ್ಷತೆ, ಬಲಗೈಯಲ್ಲಿ ಒಗೆದ ಹಳೇ ಬಟ್ಟೆಯ ಚೂರು, ಅಷ್ಟು ಸಾಕು. ಕುಂಕುಮದ ಬಟ್ಟಲು ತಂದವರು ಒಳಗಿಟ್ಟು ಬನ್ನಿ, ಅದಕ್ಕೆ ಇವತ್ತು ಇಲ್ಲಿ ಕೆಲಸವಿಲ್ಲ. ಯಾಕಿಲ್ಲ ಎಂಬುದೇ ಕಥೆ. ನಾನು ಈ ಕಥೆಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆದರೂ ಶುರು ಮಾಡುವಾಗ ಪ್ರತಿಸಲ ಹೊಸ ಬೆಲ್ಲ ಬಾಯಿಗೆ ಹಾಕಿಕೊಂಡಷ್ಟು ಖುಷಿ. ಕೇಳಿ.

ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಹಿಂದೆ ಈ ಭೂಮಿಯ ಮೇಲೆ ತಂತಿಯವರು ಎಂಬ ಜನ ಇದ್ದರು. ಅವರು ಎತ್ತಿಲ್ಲದ ಗಾಡಿಯಲ್ಲಿ ಓಡಾಡಿ, ಎಣ್ಣೆಯಿಲ್ಲದ ದೀಪದ ಬೆಳಕಲ್ಲಿ ಉಂಡು, ಸಮುದ್ರದಾಚೆಯ ನೆಂಟರ ಜೊತೆ ಅಂಗೈಯಲ್ಲಿ ಮಾತಾಡಿ, ಬೇಸಿಗೆಯಲ್ಲಿ ಚಳಿಯನ್ನೂ ಚಳಿಯಲ್ಲಿ ಬಿಸಿಯನ್ನೂ ಮನೆಯೊಳಗೇ ಕೂಡಿಸಿಕೊಂಡು ಹಾಯಾಗಿದ್ದರು. ಹಾಗೇ ಇದ್ದುಬಿಡಬಹುದಿತ್ತು. ಆದರೆ ಈ ದೇಶದವರು ಆ ದೇಶದವರ ಮೇಲೆ ಅನುಮಾನಪಟ್ಟು, ಆ ದೇಶದವರು ಈ ದೇಶದವರ ಮೇಲೆ ಅನುಮಾನಪಟ್ಟು, ಅವರು ಮಾಡುವ ಮೊದಲು ನಾವೇ ಮಾಡಿಬಿಡೋಣ ಎಂದು ಇಬ್ಬರೂ ಒಂದೇ ದಿನ ಮಾಡಿಕೊಂಡರು. ಏನು ಮಾಡಿಕೊಂಡರು ಅಂತ ಹೇಳುವುದಕ್ಕೆ ಗೊತ್ತಿದ್ದವರು ಯಾರೂ ಉಳಿಯಲಿಲ್ಲ. ಹನ್ನೆರಡು ವರ್ಷ ಆಕಾಶದಿಂದ ಬೂದಿ ಸುರಿಯಿತು. ಕೆಳಗಿನ ಬಯಲೆಲ್ಲ ಬೂದಿಬಯಲಾಯಿತು, ಅಲ್ಲಿಯ ಕೆರೆ ಕಟ್ಟೆಗಳ ನೀರು ಕುಡಿದವರು ಮೂರನೆಯ ದಿನವನ್ನು ಕಾಣಲಿಲ್ಲ.

ಉಳಿದ ಜನ ಏನು ಮಾಡಿದರು ಎಂದರೆ, ತಂತಿಯವರು ಬಿಟ್ಟುಹೋದ ಶಕ್ತಿಗಳಿಗಾಗಿ ಕಚ್ಚಾಡಿದರು. ಒಬ್ಬ ಗಾಜಿನ ಬುರುಡೆಗಾಗಿ ಅಣ್ಣನ ತಲೆ ಒಡೆದ. ಒಬ್ಬಳು ತಾಮ್ರದ ಸುರುಳಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಬಸುರಿಯ ಹಾಗೆ ನಡೆದು ಮೂರು ಊರು ದಾಟಿದಳು. ಎಷ್ಟೋ ಶಕ್ತಿಗಳು ಹೀಗೆ ಎಳೆದಾಟದಲ್ಲೇ ಮುರಿದು ಸತ್ತವು. ಹೀಗಿರುವಾಗ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಆರು ಕುಟುಂಬದವರು, ಒಬ್ಬೊಬ್ಬರೂ ಎಲ್ಲೋ ಕದ್ದ, ಬಿಸಿಲುಂಡು ಯಂತ್ರ ಓಡಿಸುವ ಒಂದೊಂದು ಗಾಜಿನ ಬಿಸಿಲುಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು, ಈ ಬಂಡೆಗುಡ್ಡವನ್ನು ಹತ್ತಿದರು. ಗುಡ್ಡದ ಮೇಲೆ ತಂತಿಯವರು ಕೊರೆದ ಒಂದು ಬೋರು ಇತ್ತು, ಅದರ ಆಳದಲ್ಲಿ ಬೂದಿ ಮುಟ್ಟದ ನೀರಿತ್ತು, ನೀರಿನಲ್ಲಿ ಒಂದು ಮೋಟಾರು ನಿದ್ದೆ ಮಾಡುತ್ತಿತ್ತು. ಒಂದು ಹಲಗೆಗೆ ಅದು ಏಳಲಿಲ್ಲ, ಐದಕ್ಕೂ ಏಳಲಿಲ್ಲ, ಆರನ್ನೂ ಒಂದೇ ತಂತಿಗೆ ಪೋಣಿಸಿದಾಗ ಎದ್ದಿತು. ಆರು ಮನೆಯವರೂ ಕಳ್ಳರೇ ಆದ್ದರಿಂದ ಒಬ್ಬರನ್ನೊಬ್ಬರು ನಂಬಲು ಯಾರಿಗೂ ಕಾರಣವಿರಲಿಲ್ಲ, ಬಿಟ್ಟುಹೋಗಲು ದಾರಿಯೂ ಇರಲಿಲ್ಲ.

ಅವರಲ್ಲಿ ಹಿರಿಯಳಾದ ಕೆಂಚಜ್ಜಿ ಎಂಬವಳು, ಓಣಿಯ ಈ ಕಡೆ ಮೂರು ಮನೆ, ಆ ಕಡೆ ಮೂರು ಮನೆ ಎದುರುಬದುರು ಕಟ್ಟಿಸಿ, ಆ ಹಲಗೆಗಳನ್ನೇ ಮೋರೆ ಮಾಡಿಕೊಂಡ ಬಿಸಿಲಮ್ಮನಿಗೆ ಒಂದು ವ್ರತ ಹೊತ್ತಳು. ಪ್ರತಿ ಭಾನುವಾರ ಬಿಸಿಲು ಹಲಗೆಗೆ ತಾಗುವ ಮೊದಲು, ಎದುರುಮನೆಯವರ ಹಲಗೆಯನ್ನು ನಮ್ಮ ನೀರಿನಿಂದ ತೊಳೆಯುವುದು. ನಮ್ಮ ಹಲಗೆಯನ್ನು ನಾವು ಮುಟ್ಟದೆ, ಕೈ ಮಡಿಲಲ್ಲಿಟ್ಟು ಕೂರುವುದು. ಹೀಗೆ ಎರಡು ತಲೆಮಾರು ನಡೆಯಿತು, ದಿನವಿಡೀ ಕೊಳವೆಯಿಂದ ನೀರು ಸುರಿದು ಕಲ್ಲುಬಾನಿ ತುಂಬಿ ಹರಿಯುತ್ತಿತ್ತು.

ಮೂರನೆಯ ತಲೆಮಾರಿನಲ್ಲಿ, ಮಾರಕ್ಕನ ಅತ್ತೆಯ ಕಾಲದಲ್ಲಿ, ಅವರ ಮನೆಯ ಹಲಗೆಯ ಮೂಲೆಯಲ್ಲಿ ಒಂದು ಬಿರುಕು ಕಾಣಿಸಿತು. ಹಲಗೆ ತೊಳೆಯುತ್ತಿದ್ದವಳು ಎದುರುಮನೆಯ ಬೋರಮ್ಮನ ಅತ್ತೆ. ಮಾರಕ್ಕನ ಅತ್ತೆ ಓಣಿಯಲ್ಲಿ ನಿಂತು, ‘ಬೇಕೂಂತಲೇ ಉಗುರು ಹಾಕಿದಳು’ ಅಂತ ಆರೂ ಮನೆಗೆ ಕೇಳುವ ಹಾಗೆ ಕೂಗಾಡಿ, ವ್ರತ ನಿಲ್ಲಿಸಿದಳು. ಅಂದಿನಿಂದ ಅವರವರ ಹಲಗೆ ಅವರವರ ಪಾಲಿಗಾಯಿತು. ಬೋರಮ್ಮನ ಅತ್ತೆ ಎಷ್ಟು ಆಣೆ ಇಟ್ಟರೂ ಯಾರೂ ಕೇಳಲಿಲ್ಲ. ಸಾಯುವ ತನಕ ಅವಳನ್ನು ಯಾರೂ ಶುಭಕಾರ್ಯಕ್ಕೆ ಕರೆಯಲಿಲ್ಲ. ಆಗ ಮಾರಕ್ಕ ಹೊಸ ಸೊಸೆ. ಅತ್ತೆ ಬಿಟ್ಟುಹೋದ ಹಲಗೆ, ಧೂಪದ ಬಟ್ಟಲು, ಅನುಮಾನ ಮೂರನ್ನೂ ಅವಳು ಜೋಪಾನವಾಗಿ ಕಾಪಾಡಿಕೊಂಡು ಬಂದಳು.

ಮಾರಕ್ಕ ಕೆಟ್ಟವಳಲ್ಲ, ತಾಯಂದಿರೇ. ಆದರೆ ಅವಳ ಕಣ್ಣಿಗೆ ಎಲ್ಲದರ ಹಿಂದೆಯೂ ಇನ್ನೊಂದು ಕಾಣುತ್ತಿತ್ತು. ಬೋರಮ್ಮ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಏನು ಮುಚ್ಚಿಟ್ಟಳು. ಒಂದು ದಿನ ಬೋರಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಮಾರಕ್ಕನ ಹಲಗೆಯ ಕಡೆ ಕತ್ತೆತ್ತಿ ನೋಡಿದ್ದನ್ನು ಇವಳು ಕಂಡಳು. ಹಕ್ಕಿಯನ್ನು ನೋಡಿದ್ದಿರಬಹುದು. ಮಾರಕ್ಕ ಮಾತ್ರ ಆ ಸಂಜೆಯೇ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ, ತನ್ನ ಹಲಗೆಯ ನಡುಮಧ್ಯೆ ಒಂದು ದೃಷ್ಟಿಬೊಟ್ಟು ಇಟ್ಟಳು. ಕೂಸಿನ ಕೆನ್ನೆಗಿಡುವ ಬೊಟ್ಟಲ್ಲ, ರೊಟ್ಟಿಯಗಲದ್ದು.

ಮರುದಿನ ಬೋರಮ್ಮ ಅದನ್ನು ಕಂಡು, ‘ಓಹೋ, ನನ್ನ ಕಣ್ಣಿಗೆ ಕಾಡಿಗೆ ಇಟ್ಟಳು’ ಎಂದುಕೊಂಡು ತನ್ನ ಹಲಗೆಗೆ ಎರಡು ಬೊಟ್ಟು ಇಟ್ಟಳು. ಉಳಿದ ನಾಲ್ಕು ಮನೆಯವರು, ಇವರಿಬ್ಬರ ಹಲಗೆಗೇ ದೇವಿಯ ಒಲವು ಹರಿದುಹೋದೀತು ಎಂದು ತಾವೂ ಇಟ್ಟರು. ನೀರಿನ ಧಾರೆ ಒಂದು ಬೆರಳು ಸಣ್ಣಗಾಯಿತು. ನೋಡಿದಿರಾ, ಬಲ ಎಳೆದುಕೊಳ್ಳುತ್ತಿದ್ದಾರೆ ಎಂದು ಮಾರಕ್ಕ ಅರಿಸಿನ ಮೆತ್ತಿ ಕುಂಕುಮ ಹಚ್ಚಿದಳು. ಧಾರೆ ಇನ್ನೂ ಸಣ್ಣಗಾಯಿತು. ಪೆಟ್ಟಿಗೆಯ ತಳದಲ್ಲಿದ್ದ ಜರಿಸೀರೆ ತೆಗೆದು ಹೊದಿಸಿ, ಮೇಲೆ ತಂಗಡಿ ಹೂವಿನ ಮಾಲೆ ಇಳಿಬಿಟ್ಟಳು. ಮಾರಕ್ಕನ ಸೀರೆ ಹಸಿರಾದರೆ ಬೋರಮ್ಮನದು ಕೆಂಪು, ಉಳಿದವರು ಕಂಬಳಿಯೋ ಚಾಪೆಯೋ ಇದ್ದದ್ದನ್ನು ಹೊದಿಸಿದರು. ಸಾಲದ್ದಕ್ಕೆ ಕಾವಲು ಬೇರೆ. ಮಾರಕ್ಕನ ಗಂಡ ಗಾದಿಲಿಂಗಪ್ಪ ಬೆಳಗಿಂದ ಸಂಜೆವರೆಗೆ ಹಲಗೆಯ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ದಪ್ಪನೆಯ ಆಳು. ಅವನ ನೆರಳು ಹಲಗೆಯ ಅರ್ಧವನ್ನು ನುಂಗುತ್ತಿತ್ತು.

‘ನೀರು ಯಾಕೆ ಕಡಿಮೆ ಆಗ್ತಿದೆ ಅಂತೀಯ?’ ಅಂತ ಅವನು ಒಂದು ದಿನ ಕೇಳಿದ.

‘ನೀನು ಕಣ್ಣು ಮುಚ್ಚಿದಾಗ ಅವಳು ಬಂದು ಹೋಗ್ತಾಳೆ.’

‘ನಾನು ಕಣ್ಣು ಮುಚ್ಚಿಲ್ಲ ಕಣೇ.’

‘ಮುಚ್ಚಿದ್ದು ಮುಚ್ಚಿದವನಿಗೆ ಹೆಂಗೆ ಗೊತ್ತಾಗುತ್ತೆ?’ ಎಂದಳು ಮಾರಕ್ಕ. ಅಂದಿನಿಂದ ಗಂಡನ ಮೇಲೂ ಒಂದು ಕಣ್ಣಿಟ್ಟಳು.

ಇದೇ ಹೊತ್ತಿಗೆ ಅದೇ ಓಣಿಯ ತುದಿಮನೆಗೆ ಕೊಟ್ಟಿದ್ದ ಮಾರಕ್ಕನ ಒಬ್ಬಳೇ ಮಗಳು ದುರುಗಿ ತುಂಬಿದ ಬಸುರಿಯಾಗಿ ತಾಯಿಯ ಮನೆಯಲ್ಲಿ ಬಾಣಂತನಕ್ಕೆ ಬಂದು ಕೂತಿದ್ದಳು. ಧಾರೆ ದಾರವಾಯಿತು, ದಾರ ತೊಟ್ಟಾಯಿತು, ಒಂದು ಬೆಳಿಗ್ಗೆ ಕೊಳವೆ ಕೆಮ್ಮಿ ಸುಮ್ಮನಾಯಿತು. ಆರು ಮನೆಯ ಗಂಡಸರು ಸೇರಿ, ಒಬ್ಬರ ಮೋರೆ ಒಬ್ಬರು ನೋಡದೆ, ಮನೆಯಲ್ಲಿ ಉಳಿದ ನೀರು ಮುಗಿದರೆ ಬರುವ ಸೋಮವಾರ ಎಲ್ಲರೂ ಗುಡ್ಡ ಇಳಿದುಬಿಡುವುದು, ಬೂದಿಬಯಲು ದಾಟಿ ಹಣೆಯಲ್ಲಿ ಬರೆದ ಹಾಗಾಗಲಿ ಎಂದು ತೀರ್ಮಾನಿಸಿದರು. ಗುಡ್ಡಕ್ಕೆ ಇರುವುದು ಕೈಯೂರಿ ಇಳಿಯುವ ಮೆಟ್ಟಿಲು. ದುರುಗಿ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಇಳಿದರೆ ಮಗಳಿಲ್ಲ, ಉಳಿದರೆ ನೀರಿಲ್ಲ.

ಶನಿವಾರ ಮಧ್ಯಾಹ್ನ, ಆ ಮೆಟ್ಟಿಲು ಹತ್ತಿಕೊಂಡು ಬಯಲಿನ ಕಡೆಯಿಂದ ಒಬ್ಬ ಮುದುಕಿ ಬಂದಳು. ಬೂದಿಬಯಲಿಂದ ಹತ್ತಿ ಬಂದವರನ್ನು ಆ ತನಕ ಯಾರೂ ಕಂಡಿರಲಿಲ್ಲ. ಅನುಮಾನಕ್ಕೆ ಇಷ್ಟು ಸಾಲದೆ? ಮಾರಕ್ಕ ಎಲ್ಲರಿಗಿಂತ ಮುಂದೆ ಹೋಗಿ ಮುದುಕಿಯ ಜೋಳಿಗೆ ಕಿತ್ತುಕೊಂಡು ನೆಲಕ್ಕೆ ಸುರಿದಳು. ಬಿದ್ದದ್ದು ಒಂದು ಒಣ ಸೋರೆಬುರುಡೆ, ಒಂದು ಹಳೇ ಬಟ್ಟೆ.

‘ಇಷ್ಟೇನಾ?’ ಎಂದಳು ಮಾರಕ್ಕ.

‘ಬೇರೆ ಏನಾದರೂ ಬೇಕಿತ್ತೇನವ್ವ?’ ಎಂದಳು ಮುದುಕಿ.

ಯಾರೂ ಅವಳಿಗೆ ನೀರು ಕೊಡಲಿಲ್ಲ. ಬೋರಮ್ಮ ಬಾಗಿಲು ಮುಚ್ಚಿಕೊಂಡಳು. ದುರುಗಿಯೊಬ್ಬಳು ಸೊಂಟ ಹಿಡಿದುಕೊಂಡು ಎದ್ದು ಬಂದು, ತಾಯಿ ಗುರಾಯಿಸುತ್ತಿದ್ದರೂ ತನ್ನ ಪಾಲಿನ ಲೋಟವನ್ನು ಮುದುಕಿಯ ಕೈಗಿಟ್ಟಳು. ಮುದುಕಿ ಅರ್ಧ ಕುಡಿದು ಅರ್ಧ ಹಿಂದಿರುಗಿಸಿ, ಆರು ಹಲಗೆಗಳ ಕಡೆ ತಿರುಗಿ, ಇಲ್ಲಿ ಯಾರು ತೀರಿಕೊಂಡರು, ಆರು ಹೆಣ ಹೊದಿಸಿಟ್ಟಿದ್ದೀರಲ್ಲ ಎಂದು ಕೇಳಿದಳು.

ಮಾರಕ್ಕನಿಗೆ ಮೈ ಉರಿಯಿತು. ಅದು ನಮ್ಮ ದೇವಿ, ನೀನು ಯಾರು ಕೇಳೋಕೆ ಎಂದಳು. ಮುದುಕಿ ತನ್ನ ಅಂಗೈಯನ್ನು ಮಾರಕ್ಕನ ಮೋರೆಗೂ ಸೂರ್ಯನಿಗೂ ನಡುವೆ ಹಿಡಿದಳು.

‘ಈಗ ಬಿಸಿಲು ತಾಗುತ್ತಾ?’

‘ಇಲ್ಲ.’

‘ಒಂದು ಅಂಗೈಗೆ ನಿನ್ನ ಮೋರೆ ತಣ್ಣಗಾಯಿತು. ಅಮ್ಮ ಮೋರೆಯಿಂದ ಬಿಸಿಲು ಉಣ್ಣುವವಳು. ಅವಳಿಗೆ ಕಾಡಿಗೆ ಮೆತ್ತಿ, ಸೀರೆ ಮುಸುಕಿ, ಮುಂದೆ ಈ ಯಜಮಾನನನ್ನು ಕೂರಿಸಿ, ಉಣ್ಣು ಅಂದರೆ ಏನು ಉಂಡಾಳು?’

ಗಾದಿಲಿಂಗಪ್ಪ ಮೆಲ್ಲಗೆ ಎದ್ದು ಪಕ್ಕಕ್ಕೆ ಸರಿದ.

ಹಾಗಾದರೆ ನಾನು ನನ್ನ ಹಲಗೆ ತೆರೆದರೆ ಆಯಿತಲ್ಲ ಎಂದಳು ಮಾರಕ್ಕ. ಆಗುವುದಿಲ್ಲ ಎಂದಳು ಮುದುಕಿ. ಮೆಟ್ಟಿಲ ಮೇಲೆ ಆರು ಜನ ಸಾಲಾಗಿ ನಿಂತು ಕೊಡ ಕೈಯಿಂದ ಕೈಗೆ ದಾಟಿಸುವಾಗ ಒಬ್ಬಳು ಕೈ ಕಟ್ಟಿ ನಿಂತರೆ ಉಳಿದ ಐವರ ಕೈಯೂ ಖಾಲಿ. ಈ ತಂತಿಯೂ ಹಾಗೇ. ಆರೂ ಮೋರೆ ತೆರೆಯಬೇಕು, ಮತ್ತು ತೆರೆಯುವ ಕೈ ಎದುರುಮನೆಯದಾಗಬೇಕು. ತಮ್ಮದನ್ನು ತಾವೇ ತೆರೆದುಕೊಂಡರೆ, ಪಕ್ಕದವರು ತೆರೆದರೋ ಇಲ್ಲವೋ ಎಂಬ ಅನುಮಾನಕ್ಕೆ ಸಂಜೆಯೊಳಗೆ ಮತ್ತೆ ಮುಚ್ಚುತ್ತೀರಿ, ನಿಮ್ಮನ್ನು ನಾನು ಬಲ್ಲೆ ಎಂದಳು. ಹೀಗೆ ಹೇಳಿ ಕೆಂಚಜ್ಜಿಯ ಕಾಲದ ವ್ರತದ ಕ್ರಮವನ್ನು ಒಂದೂ ಬಿಡದೆ ಹೇಳಿದಳು. ಬಿಸಿಲು ತಾಗುವ ಮೊದಲೇ ತೊಳೆಯಬೇಕು, ಕಾದ ಗಾಜಿಗೆ ನೀರು ಬಿದ್ದರೆ ಒಡೆಯುತ್ತದೆ. ತೊಳೆಯುವ ನೀರು ತೊಳೆಯುವವರ ಮನೆಯದೇ ಆಗಿರಬೇಕು. ಹಲಗೆಯ ಒಡತಿ ಎದುರಿಗೆ ಕೂತು ಕಣ್ಣು ಬಿಟ್ಟು ನೋಡಬಹುದು, ಬಾಯಿ ಬಿಡಬಾರದು. ತೊಳೆಯುವವಳೂ ಬಿಸಿಲು ಬರುವ ತನಕ ಮಾತಾಡಬಾರದು.

ಆರು ಮನೆಯವರೂ ಕೇಳಿದರು. ‘ಮೊದಲು ಅವರು ಮಾಡಲಿ’ ಎಂದು ಆರು ಮನೆಯವರೂ ಅಂದು, ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಮಾರಕ್ಕನಿಗಂತೂ ಇವಳು ಬೋರಮ್ಮನ ಕಡೆಯವಳೇ ಇರಬೇಕು, ಉಳಿದ ನೀರನ್ನು ಕರಗಿಸಲು ಕಳಿಸಿದ್ದಾಳೆ ಎಂದು ಗಟ್ಟಿಯಾಯಿತು.

ಅದೇ ಸಂಜೆ ದುರುಗಿಗೆ ನೋವು ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ಅವಳು ತಾಯಿಯ ಕೈ ಹಿಡಿದು, ‘ಅವ್ವಾ, ಕೂಸಿಗೆ ನೀರು?’ ಎಂದು ಒಂದೇ ಮಾತು ಕೇಳಿದಳು. ಮನೆಯಲ್ಲಿದ್ದದ್ದು ಒಂದು ಕೊಡ. ಅದನ್ನು ಇಟ್ಟುಕೊಂಡರೆ ಇವತ್ತಿಗೆ ಸಾಕು, ನಾಳೆ ಬಾಣಂತಿಯನ್ನು ಮೆಟ್ಟಿಲಿಳಿಸಬೇಕು. ಮಗಳ ಮಗ್ಗುಲಲ್ಲಿ ಗಾದಿಲಿಂಗಪ್ಪನನ್ನು ಕೂರಿಸಿ, ಮಾರಕ್ಕ ಆ ಕೊಡವನ್ನು ಸೊಂಟಕ್ಕೇರಿಸಿ ಹೊರಗೆ ಬಂದಳು. ರಾತ್ರಿ ಜಗಲಿಯಲ್ಲಿ ಮಲಗಿದ್ದ ಮುದುಕಿ ಅಲ್ಲಿರಲಿಲ್ಲ. ಮಾರಕ್ಕ ಮೊದಲು ಒಳಗೆ ಹೋಗಿ ಪಾತ್ರೆಗಳನ್ನೆಲ್ಲ ಎಣಿಸಿದಳು, ಒಂದೂ ಹೋಗಿರಲಿಲ್ಲ. ಆ ಹಳೇ ಬಟ್ಟೆ ಮಾತ್ರ ಮಡಿಸಿದ ಹಾಗೇ ಜಗಲಿಯ ಮೇಲಿತ್ತು. ಅದನ್ನು ಎತ್ತಿಕೊಂಡು, ಓಣಿ ದಾಟಿ, ಹಲಗೆಗಳಿದ್ದ ಬಂಡೆ ಹತ್ತಿ, ಬೋರಮ್ಮನ ಹಲಗೆಯ ಮುಂದೆ ನಿಂತು ಕೆಂಪು ಸೀರೆಯನ್ನು ಎಳೆದಳು.

ಬೋರಮ್ಮ ಒನಕೆ ಹಿಡಿದುಕೊಂಡು ಓಡಿ ಬಂದಳು. ‘ಸಿಕ್ಕಿಬಿದ್ದೆಯಲ್ಲ ಕೊನೆಗೂ. ಎಷ್ಟು ದಿನದಿಂದ ನಡೀತಿತ್ತು ಇದು?’

ಮಾರಕ್ಕ ಬಾಯಿ ಬಿಡಲಿಲ್ಲ. ಕೊಡವನ್ನು ಬಗ್ಗಿಸಿ, ಬಟ್ಟೆ ಒದ್ದೆ ಮಾಡಿ, ಮೇಲಿನಿಂದ ಕೆಳಕ್ಕೆ ಎಳೆದಳು. ಎತ್ತಿದ ಒನಕೆ ಎತ್ತಿದಂತೆಯೇ ನಿಂತಿತು. ನಾಳೆ ಬಯಲಿಗಿಳಿಯಬೇಕಾದವಳು, ಮನೆಯಲ್ಲಿ ಹೆರಿಗೆ ಇಟ್ಟುಕೊಂಡವಳು, ತನ್ನ ಮನೆಯ ಕೊನೆಯ ನೀರನ್ನು ತನ್ನ ಶತ್ರುವಿನ ಹಲಗೆಗೆ ಸುರಿಯುತ್ತಿದ್ದಾಳೆ. ಇದರಲ್ಲಿ ಏನು ಮೋಸ ಇದ್ದೀತು ಎಂದು ಬೋರಮ್ಮ ಎಲ್ಲ ಕಡೆಯಿಂದಲೂ ಹುಡುಕಿ ನೋಡಿದಳು, ಸಿಗಲಿಲ್ಲ. ಒನಕೆಯನ್ನು ಪಕ್ಕಕ್ಕಿಟ್ಟು ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಕಣ್ಣು ಮಾತ್ರ ರೆಪ್ಪೆ ಹೊಡೆಯಲಿಲ್ಲ. ಕಾಡಿಗೆ ಹೋಯಿತು, ಎಣ್ಣೆ ಹೋಯಿತು, ಕೆಳಗೆ ಸಂಜೆಯ ಆಕಾಶದ ಹಾಗೆ ನೀಲಿ ಗಾಜು ಕಂಡಿತು. ಅಂಥ ಬಣ್ಣ ಅಲ್ಲಿದೆ ಎಂಬುದನ್ನು ಬೋರಮ್ಮ ಮರೆತೇಬಿಟ್ಟಿದ್ದಳು. ಎದ್ದು ಮನೆಗೆ ಹೋಗಿ ತನ್ನ ಕೊಡ ತಂದಳು.

ಈಗ ಕೈ ಮಡಿಲಲ್ಲಿಟ್ಟು ಕೂರುವ ಸರದಿ ಮಾರಕ್ಕನದು. ಅದರಷ್ಟು ಕಷ್ಟದ ಕೆಲಸವನ್ನು ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಬೋರಮ್ಮನ ಬೆರಳಿನ ಒಂದೊಂದು ಉಗುರನ್ನೂ ಕಾದಳು. ಹಸಿರು ಸೀರೆ ಬಿತ್ತು, ಒಣಗಿದ ತಂಗಡಿ ಹೂ ಉದುರಿತು, ಅರಿಸಿನ ಕುಂಕುಮ ಕಳಚಿತು, ಕಾಡಿಗೆ ಕರಗಿ ಹರಿಯಿತು. ಅದರ ಕೆಳಗೆ ಅತ್ತೆಯ ಕಾಲದ ಅರಿಸಿನ, ಕುಂಕುಮ, ತುಪ್ಪದ ಜಿಡ್ಡು, ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತದ್ದು. ಬೋರಮ್ಮ ಉಗುರು ಹಾಕಲಿಲ್ಲ. ಒದ್ದೆ ಬಟ್ಟೆಯನ್ನು ಅದರ ಮೇಲೆ ನೆನೆಯಲು ಬಿಟ್ಟು ಕಾದು ಒರೆಸಿದಳು, ಮತ್ತೆ ನೆನೆಸಿ ಮತ್ತೆ ಒರೆಸಿದಳು. ಅಷ್ಟರಲ್ಲಿ ಉಳಿದ ನಾಲ್ಕು ಮನೆಯವರೂ ಬಂದು ಸುತ್ತ ನಿಂತಿದ್ದರು.

ಕೊನೆಗೆ ಮೂಲೆಯ ಬಿರುಕು ಹೊರಬಿತ್ತು. ಬಿರುಕಿನ ಬುಡದಲ್ಲಿ ಮೂರು ಸುಟ್ಟ ಗುರುತುಗಳಿದ್ದವು, ಒಲೆಯ ಮೂರು ಗುಂಡಿನ ಹಾಗೆ ತ್ರಿಕೋನವಾಗಿ. ಬಿರುಕು ಹೊರಟಿದ್ದು ಅವುಗಳಲ್ಲಿ ಒಂದರಿಂದ. ಆ ಗುಡ್ಡದಲ್ಲಿ ಮೂರು ಕಾಲಿನ ಧೂಪದ ಬಟ್ಟಲು ಇದ್ದದ್ದು ಒಂದೇ ಮನೆಯಲ್ಲಿ. ಆ ಹೊತ್ತಿಗೂ ಅದು ಮಾರಕ್ಕನ ಪಕ್ಕದಲ್ಲೇ, ದಿನಾ ಹಲಗೆಗೆ ಹೊಗೆ ತೋರಿಸಲು ಬಂಡೆಯ ಮೇಲೇ ಇಟ್ಟಿರುತ್ತಿದ್ದ ತಟ್ಟೆಯಲ್ಲಿ ಕೂತಿತ್ತು. ಕೆಂಡ ತುಂಬಿದ ಬಟ್ಟಲನ್ನು ಅತ್ತೆ ಭಕ್ತಿಯಿಂದ ಗಾಜಿನ ಮೇಲೇ ಇಟ್ಟಿದ್ದಳು. ತಾನೇ ಒಡೆದದ್ದನ್ನು ಎದುರುಮನೆಯ ಉಗುರಿಗೆ ಹೊರಿಸಿದ್ದಳು. ಗೊತ್ತಿದ್ದು ಹೊರಿಸಿದಳೋ ಗೊತ್ತಿಲ್ಲದೆಯೋ, ಅದನ್ನು ಕಥೆ ಹೇಳುವುದಿಲ್ಲ.

ಬೋರಮ್ಮ ಗುರುತನ್ನು ನೋಡಿದಳು. ಬಟ್ಟಲನ್ನು ನೋಡಿದಳು. ಸುತ್ತ ನಿಂತ ಜನವನ್ನೂ ನೋಡಿದಳು. ನಲವತ್ತು ವರ್ಷದ ಅವಮಾನಕ್ಕೆ ಉತ್ತರ ಕೊಡಲು ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಬಿಸಿಲು ಇನ್ನೂ ಬಂದಿರಲಿಲ್ಲ. ಆ ಮೂಲೆಯನ್ನು ಇನ್ನೊಂದು ಸಲ ಒರೆಸಿ, ಬಟ್ಟೆ ಹಿಂಡಿ, ಪಕ್ಕಕ್ಕೆ ಸರಿದು ನಿಂತಳು.

ಬಂಡೆಯ ಅಂಚಿನಿಂದ ಸೂರ್ಯ ಇಣುಕಿ ಎರಡು ಹಲಗೆಗಳ ಮೇಲೆ ಬಿದ್ದ. ಮೊದಲು ಬಾಯಿ ಬಿಟ್ಟವಳು ಮಾರಕ್ಕ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಅತ್ತೆ ಕೂಗಿದಷ್ಟೇ ಗಟ್ಟಿಯಾಗಿ ಅಂದಳು, ‘ಬೋರಮ್ಮ, ಒಡೆದದ್ದು ನಿಮ್ಮತ್ತೆಯ ಉಗುರಲ್ಲ. ನಮ್ಮ ಮನೆಯ ಧೂಪ.’

‘ಗೊತ್ತಿತ್ತು’ ಎಂದಳು ಬೋರಮ್ಮ.

‘ಗೊತ್ತಿತ್ತಾ?’

‘ಗೊತ್ತಿತ್ತು ಅಂದರೆ, ಅನುಮಾನ ಇತ್ತು.’

ಮಾರಕ್ಕನಿಗೆ ಅಳು ಬಂತೋ ನಗು ಬಂತೋ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಬೋರಮ್ಮ ಧೂಪದ ಬಟ್ಟಲನ್ನು ಎತ್ತಿ ಅವಳ ಕೈಗಿಟ್ಟು, ‘ಇದನ್ನು ಇನ್ನು ಮೇಲೆ ನೆಲದ ಮೇಲಿಡು’ ಎಂದಳು.

ಎಳೆಬಿಸಿಲು ಕಾಯುವ ಮೊದಲೇ ಉಳಿದ ನಾಲ್ಕು ಮನೆಯವರೂ ಕೊಡ ಹೊತ್ತು ಬಂದರು. ನಂಬಿಕೆಯಿಂದ ಬಂದರು ಎಂದು ನಾನು ಹೇಳಲಾರೆ. ಇವರಿಬ್ಬರಿಗೇ ನೀರು ಬಂದುಬಿಟ್ಟರೆ ಎಂಬ ಅನುಮಾನದಿಂದಲೇ ಬಂದರು. ಬಿಸಿಲಮ್ಮ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆರನೆಯ ಹಲಗೆ ಒರೆಸಿ ಕೈ ತೆಗೆದ ಕೂಡಲೇ ಕೊಳವೆ ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ತುಕ್ಕಿನ ಕೆಂಪು ನೀರು ಉಗುಳಿತು. ಆಮೇಲೆ ಮೊಣಕೈ ದಪ್ಪದ ಧಾರೆ ಕಲ್ಲುಬಾನಿಗೆ ಬಿದ್ದ ಸದ್ದಿಗೆ, ಮಾರಕ್ಕನ ಮನೆಯ ಒಳಗಿನಿಂದ ಹಸುಗೂಸು ಅತ್ತ ಸದ್ದು ಸೇರಿತು. ಕೂಸಿಗೆ ಎರೆದ ಮೊದಲ ಬಿಂದಿಗೆ ನೀರನ್ನು ಹೊತ್ತು ತಂದವಳು ಬೋರಮ್ಮ. ನೀರು ಬೆಚ್ಚಗಿದೆಯೋ ಇಲ್ಲವೋ ಎಂದು ಮಾರಕ್ಕ ಬೆರಳದ್ದಿ ನೋಡಿದಳು. ಹೌದು, ನೋಡಿದಳು. ನೋಡಿ, ಆಮೇಲೆ ಕೂಸನ್ನು ಬೋರಮ್ಮನ ಕಾಲ ಮೇಲೆ ಮಲಗಿಸಿದಳು. ಹೆಣ್ಣು ಕೂಸು. ಬೋರಮ್ಮನ ಅತ್ತೆಯ ಹೆಸರು ಸಣ್ಣೀರಮ್ಮ. ಕೂಸಿಗೆ ಅದೇ ಹೆಸರಾಯಿತು.

ಮುದುಕಿ ಯಾರು ಎಂಬುದು ಗೊತ್ತಾಗಲಿಲ್ಲ. ಬಿಸಿಲಮ್ಮನೇ ಎಂದು ದುರುಗಿ ಹೇಳಿದಳು. ಮಾರಕ್ಕ ಒಪ್ಪಿದಳು, ಆದರೂ ಬದುಕಿರುವ ತನಕ ಪ್ರತಿ ಭಾನುವಾರ ವ್ರತ ಮುಗಿಸಿ ಬಂದು ಪಾತ್ರೆಗಳನ್ನು ಎಣಿಸುತ್ತಿದ್ದಳಂತೆ. ಸೋಮವಾರ ಯಾರೂ ಗುಡ್ಡ ಇಳಿಯಲಿಲ್ಲ. ಅಂದಿನಿಂದ ಬಾನಿ ಬತ್ತಲಿಲ್ಲ, ಬಂಡೆಯ ಸಂದಿಯಲ್ಲಿ ರಾಗಿ ಬೆಳೆಯಿತು, ಆರು ಮನೆ ಅರವತ್ತಾಯಿತು. ಅರವತ್ತರ ಮಕ್ಕಳು ಮೊಮ್ಮಕ್ಕಳೇ ಇವತ್ತು ಈ ದೀಪದ ಸುತ್ತ ಕೂತಿರುವ ನೀವು.

ಆದ್ದರಿಂದ, ಭಾನುವಾರ ಬೆಳಕು ಹರಿಯುವಾಗ ಎದುರುಮನೆಯ ಹಲಗೆಯನ್ನು ತನ್ನ ನೀರಿನಿಂದ ತೊಳೆದವಳಿಗೆ ಬಾನಿ ತುಂಬುತ್ತದೆ. ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತವಳಿಗೆ ಅದರ ಎರಡರಷ್ಟು, ಯಾಕೆಂದರೆ ಅದು ಹೆಚ್ಚು ಕಷ್ಟ. ಈ ಕಥೆ ಓದಿದವರ ಬಾಯಿ ಒಣಗುವುದಿಲ್ಲ. ಕೇಳಿದವರ ಮನೆಯ ಬಸುರಿ ಸುಖವಾಗಿ ಹೆರುತ್ತಾಳೆ. ನಂಬಿ ಕೇಳಿದವರಿಗೂ ಅದೇ ಫಲ, ಮಧ್ಯೆ ಮಧ್ಯೆ ಮಗ್ಗುಲಲ್ಲಿ ಕೂತವರನ್ನು ಓರೆಗಣ್ಣಲ್ಲಿ ನೋಡುತ್ತಾ ಕೇಳಿದವರಿಗೂ ಅದೇ ಫಲ. ನೋಡಿದವರು ಯಾರು ಅಂತ ನನಗೆ ಇಲ್ಲಿಂದ ಕಾಣುತ್ತಿದೆ. ಇನ್ನು ಅಕ್ಷತೆಯನ್ನು ನಿಮ್ಮ ತಲೆಗೆ ಹಾಕಿಕೊಳ್ಳಬೇಡಿ. ಎದುರುಮನೆಯವರ ತಲೆಗೆ ಹಾಕಿ, ಅವರು ನಿಮ್ಮ ತಲೆಗೆ ಹಾಕುವ ತನಕ ಕೈ ಮಡಿಲಲ್ಲಿಟ್ಟು ಕಾಯಿರಿ.